ಕಾಣಕೋಣದ ಗೇರು ಭಟ್ಟಿ: ಯಾವಾಗ ಹೋಗಬೇಕು, ಏನು ನೋಡಬೇಕು?

ಪ್ರಶ್ನೆ: ನಾವು ಶಿರಸಿಯವರು. ಕಳೆದ ವರ್ಷ ನಾಸಿಕದ ಕಡೆ ಒಂದು ದೊಡ್ಡ ವೈನರಿಗೆ ಹೋಗಿದ್ದೆವು. ಟಿಕೆಟ್, ಗೈಡ್, ಗಾಜಿನ ಗೋಡೆಯಾಚೆ ಸ್ಟೀಲ್ ಟ್ಯಾಂಕು, ಕೊನೆಗೊಂದು ಅಂಗಡಿ. ಕೈ ಒದ್ದೆಯಾದ ಒಬ್ಬ ಮನುಷ್ಯನೂ ಕಾಣಲಿಲ್ಲ. ಒಂದೇ ಮನೆಯವರು ನಡೆಸುವ, ಊರಾಚೆಯ ಸಣ್ಣ ವೈನರಿ ನೋಡುವ ಆಸೆಯಿದೆ. ನಮ್ಮ ಜಿಲ್ಲೆಯಲ್ಲಿ ಅಂಥದ್ದು ಇದೆಯೇ? ಕಾರವಾರ ದಾಟಿದರೆ ಗೋವಾದ ಕಾಣಕೋಣದಲ್ಲಿ, ಗೇರುಹಣ್ಣಿನ ರಸದಿಂದ ಫೆಣಿ ಎಂಬ ಮದ್ಯ ಇಳಿಸುವ, ಮನೆಮಂದಿಯೇ ನಡೆಸುವ ಭಟ್ಟಿಗಳಿವೆಯಂತೆ. ಅಲ್ಲಿಗೆ ಯಾವಾಗ, ಹೇಗೆ ಹೋಗಬೇಕು? ಅದು ಸುರಕ್ಷಿತವೇ? ನನ್ನ ಹೆಂಡತಿ ಕುಡಿಯುವುದಿಲ್ಲ, ಎಪ್ಪತ್ತು ದಾಟಿದ ಅಮ್ಮನೂ ಬರುತ್ತೇನೆ ಅನ್ನುತ್ತಿದ್ದಾರೆ. ಅವರಿಗೆ ಅಲ್ಲಿ ಏನಿದೆ? ಬರುವಾಗ ಒಂದೆರಡು ಬಾಟಲಿ ತರಬಹುದೇ?

ಉತ್ತರ: ಬಾಟಲಿಯ ವಿಷಯ ಮೊದಲು ಮುಗಿಸಿಬಿಡೋಣ. ತರಬೇಡಿ. ಪರವಾನಗಿ ಇಲ್ಲದೆ ಗೋವಾದ ಮದ್ಯವನ್ನು ಕರ್ನಾಟಕದೊಳಗೆ ತರುವುದು ನಮ್ಮ 1965ರ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಗೋವಾ ಗಡಿಯ ಮಾಜಾಳಿ ತಪಾಸಣಾ ಠಾಣೆಯಲ್ಲಿ ಡಿಕ್ಕಿ ತೆಗೆಸಿ ನೋಡುವುದು ದಿನನಿತ್ಯದ ಕೆಲಸ. ಕಾರವಾರದವರಿಗೆ ಇದು ಗೊತ್ತಿರುವ ಸಂಗತಿ, ಘಟ್ಟದ ಮೇಲಿನಿಂದ ಬಂದವರೇ ‘ಒಂದೇ ಅಲ್ವಾ ಸರ್’ ಎಂದು ಸಿಕ್ಕಿಬೀಳುವುದು. ಪ್ಲಾಸ್ಟಿಕ್ ನೀರಿನ ಬಾಟಲಿಗೆ ತುಂಬಿಸಿಕೊಡುತ್ತೇನೆ ಎಂದು ಭಟ್ಟಿಯವರು ಪ್ರೀತಿಯಿಂದಲೇ ಹೇಳಿಯಾರು. ಅದು ಇನ್ನೂ ಕೆಟ್ಟದ್ದು, ಯಾಕೆಂದರೆ ಆಗ ಅದಕ್ಕೆ ಲೇಬಲ್ಲೂ ಇಲ್ಲ, ಬಿಲ್ಲೂ ಇಲ್ಲ. ಕಾರು ಓಡಿಸುವವರು ಅಲ್ಲಿ ರುಚಿಗೆಂದೂ ಮುಟ್ಟಬಾರದು. ರಕ್ತದ 100 ಮಿಲಿಲೀಟರಿಗೆ 30 ಮಿಲಿಗ್ರಾಂ ಎಂಬ ಮಿತಿ ದಾಟಲು ನಲವತ್ತು ಶೇಕಡಾದ ಸಾರ ಹೆಚ್ಚು ಬೇಕಿಲ್ಲ.

ಇನ್ನು ನಮ್ಮ ಜಿಲ್ಲೆಯ ಮಾತು. ವೈನ್ ದ್ರಾಕ್ಷಿ ನಮ್ಮಲ್ಲಿ ಆಗುವುದಿಲ್ಲ. ಶಿರಸಿಯಲ್ಲಿ ವರ್ಷಕ್ಕೆ 2,000 ಮಿಲಿಮೀಟರ್ ಮೀರಿದ ಮಳೆ, ಕಾರವಾರದಲ್ಲಿ 3,000ದ ಆಸುಪಾಸು. ಎಲೆ ಒಣಗಲು ಬಿಡದ ಇಂಥ ಗಾಳಿಯಲ್ಲಿ ಬಳ್ಳಿಗೆ ಬೂಜುರೋಗ ಹಿಡಿದರೆ ಬಿಡುವುದೇ ಇಲ್ಲ. ಅಡಿಕೆಗೆ ಕೊಳೆ ಬರುವ ಊರಿನಲ್ಲಿ ದ್ರಾಕ್ಷಿಯ ಕನಸು ಯಾರಿಗೂ ಬೇಡ. ವಿಜಯಪುರದಲ್ಲಿ 600ರ ಸುತ್ತ ಮಳೆ ಬೀಳುತ್ತದೆ, ಅಲ್ಲಿನ ರೈತರು ಏಪ್ರಿಲ್‌ನಲ್ಲೊಮ್ಮೆ ಅಕ್ಟೋಬರ್‌ನಲ್ಲೊಮ್ಮೆ ಬಳ್ಳಿ ಸವರಿ (ಚಾಟನಿ ಮಾಡಿ), ಮಳೆಗಾಲ ತಪ್ಪಿಸಿ, ಚಳಿಗಾಲ ಮುಗಿಯುವ ಹೊತ್ತಿಗೆ ಹಣ್ಣು ಕೊಯ್ಯುತ್ತಾರೆ. ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿ ತಂದದ್ದೂ ಆ ಕಡೆಯ ದ್ರಾಕ್ಷಿಯನ್ನು ನೆಚ್ಚಿಕೊಂಡೇ.

ನಮ್ಮ ಕರಾವಳಿಯಲ್ಲಿರುವುದು ಗೇರು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದ ಮರ ಅಂಕೋಲಾ, ಕುಮಟಾ, ಹೊನ್ನಾವರದ ಬೋಳುಗುಡ್ಡಗಳ ಮೇಲೆ ನಮ್ಮದೇ ಎಂಬಂತೆ ನಿಂತಿದೆ. ಬೀಜಕ್ಕೆ ಕುಮಟಾದಲ್ಲಿ ಕಾರ್ಖಾನೆಗಳಿವೆ, ಹಣ್ಣಿಗೆ ಗಿರಾಕಿಯಿಲ್ಲ. ಬೀಜದ ತೂಕಕ್ಕಿಂತ ಎಂಟು ಹತ್ತು ಪಟ್ಟು ತೂಗುವ ಹಣ್ಣು ಬುಡದಲ್ಲೇ ಕೊಳೆಯುತ್ತದೆ, ಸ್ವಲ್ಪ ದನಗಳ ಪಾಲು. ಇಲ್ಲಿ ಅದನ್ನು ಭಟ್ಟಿ ಇಳಿಸುವುದು ಕಾನೂನಿಗೆ ವಿರುದ್ಧ. ಸಾರಾಯಿಯನ್ನೇ 2007ರ ಜುಲೈ 1ರಿಂದ ನಿಷೇಧಿಸಿದ ರಾಜ್ಯ ನಮ್ಮದು. ಪೊಳೆಂನಲ್ಲಿ ಗೋವಾ ಗಡಿ ದಾಟಿದ ಕೂಡಲೆ ಅದೇ ಮರ, ಅದೇ ಮಣ್ಣು, ಹೆಚ್ಚುಕಡಿಮೆ ಅದೇ ಕೊಂಕಣಿ, ಆದರೆ ಕಾನೂನು ಬೇರೆ. ಅಲ್ಲಿ ಪರವಾನಗಿ ಪಡೆದು ಮನೆಯ ಹಿತ್ತಲಲ್ಲೇ ಭಟ್ಟಿ ಹಚ್ಚಬಹುದು. ಗೇರು ಫೆಣಿಗೆ 2009ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು.

ಭಟ್ಟಿ ವೈನರಿಯಲ್ಲ ಎಂದು ನೀವು ತಕರಾರು ತೆಗೆಯಬಹುದು. ಅರ್ಧ ಸರಿ. ವೈನರಿಯಲ್ಲಿ ರಸ ಹುಳಿಯುವುದೇ ಕೊನೆಯ ಮೆಟ್ಟಿಲು, ಆಮೇಲೆ ಇರುವುದು ಕಾಯುವ ಕೆಲಸ. ಭಟ್ಟಿಯಲ್ಲಿ ಹುಳಿತ ರಸವನ್ನು ಕುದಿಸಿ ಸಾರ ಇಳಿಸುತ್ತಾರೆ. ಅಂದರೆ ಒಲೆ ಹತ್ತುವವರೆಗೆ ಡ್ರಮ್ಮಿನಲ್ಲಿರುವುದು ಗೇರುಹಣ್ಣಿನ ವೈನೇ. ನಾಸಿಕದಲ್ಲಿ ಗಾಜಿನಾಚೆ ಮುಚ್ಚಿಟ್ಟದ್ದನ್ನು ಇಲ್ಲಿ ಬಗ್ಗಿ ನೋಡಬಹುದು, ಕಿವಿಗೊಟ್ಟು ಕೇಳಬಹುದು. ನಿಮಗೆ ಬೇಕಾದದ್ದು ಇದೇ ಎಂದು ನನ್ನ ಅಂದಾಜು.

ಆದರೆ ಇದು ವರ್ಷವಿಡೀ ತೆರೆದಿರುವ ಜಾಗವಲ್ಲ. ನವೆಂಬರ್‌ನಿಂದ ಜನವರಿಯೊಳಗೆ ಗೇರು ಹೂ ಬಿಡುತ್ತದೆ. ಆಗ ಮೋಡ ಕವಿದರೆ, ಚಹಾ ಸೊಳ್ಳೆ ಎಂದು ಕರೆಯುವ ಕೀಟ ಹೆಚ್ಚಿದರೆ ಹೂಗೊಂಚಲೇ ಕರಟಿ, ಹಂಗಾಮು ಕೆಲವು ವಾರ ತಡವಾಗುತ್ತದೆ. ಸಾಮಾನ್ಯವಾಗಿ ಫೆಬ್ರವರಿ ಕೊನೆಗೆ ಒಲೆ ಹತ್ತಿ, ಮಾರ್ಚ್ ಏಪ್ರಿಲ್‌ನಲ್ಲಿ ಉರಿದು, ಮೇ ತಿಂಗಳ ಮಳೆ ಬಿದ್ದ ಕೂಡಲೆ ಆರುತ್ತದೆ. ಮಳೆ ಬಿದ್ದ ಹಣ್ಣು ನೀರು ಕುಡಿದು ಸಪ್ಪೆಯಾಗುತ್ತದೆ, ಬಿದ್ದಲ್ಲೇ ಕೊಳೆಯುತ್ತದೆ. ನನ್ನನ್ನು ಕೇಳಿದರೆ ಮಾರ್ಚ್ ಕೊನೆಯ ವಾರದಿಂದ ಏಪ್ರಿಲ್ ಇಪ್ಪತ್ತರ ನಡುವೆ ಹೋಗಿ. ಗೋವಾದ ಹೋಳಿಹಬ್ಬವಾದ ಶಿಗ್ಮೋದ ದಿನಗಳನ್ನು ಬಿಡಿ, ಆಗ ಎಷ್ಟೋ ಮನೆಗಳಲ್ಲಿ ಗಂಡಸರು ಹಬ್ಬದ ಕುಣಿತ ನಡೆಯುವ ಊರ ಮಾಂಡದ ಮುಂದೆ ಇರುತ್ತಾರೆ, ಭಟ್ಟಿಯ ಹತ್ತಿರವಲ್ಲ. ದೀಪಾವಳಿ ರಜೆಗೋ ಡಿಸೆಂಬರ್ ಕೊನೆಗೋ ಹೋದರೆ ತಣ್ಣಗಿನ ಒಲೆ, ಬೋರಲು ಹಾಕಿದ ತಾಮ್ರದ ಹಂಡೆ ನೋಡಿ ಬರಬೇಕು. ಪ್ರವಾಸಿಗರ ಹಂಗಾಮಿಗೂ ಗೇರಿನ ಹಂಗಾಮಿಗೂ ತಾಳೆಯಿಲ್ಲ, ಅದು ಒಳ್ಳೆಯದೇ ಆಯಿತು.

ದಾರಿ ಸುಲಭ. ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ಹೆದ್ದಾರಿ 66ರಲ್ಲಿ ಅಂಕೋಲಾ, ಕಾರವಾರ. ಅಮ್ಮನ ಜೊತೆ ಅಷ್ಟೂ ದೂರ ಒಂದೇ ಉಸಿರಿಗೆ ಬೇಡ. ರಾತ್ರಿ ಕಾರವಾರದಲ್ಲಿ ಉಳಿದು, ಬೆಳಕು ಹರಿಯುವ ಮುಂಚೆ ಹೊರಡಿ. 2024ರ ಆಗಸ್ಟ್ 7ರಂದು ಹಳೆಯ ಕಾಳಿ ಸೇತುವೆ ಕುಸಿದ ಮೇಲೆ ವಾಹನಗಳ ಭಾರವೆಲ್ಲ ಹೊಸ ಸೇತುವೆಯ ಮೇಲೆ ಬಿದ್ದಿದೆ, ಹೊತ್ತೇರಿದರೆ ನಿಧಾನ. ಸದಾಶಿವಗಡ, ಮಾಜಾಳಿ, ಪೊಳೆಂ ದಾಟಿದರೆ ಲೋಲಿಯೆಂ ಪ್ರಸ್ಥಭೂಮಿ, ಮುಂದೆ ಕಾಣಕೋಣದ ಪೇಟೆಯಾದ ಚಾವಡಿ. ಕಡಲ ಬದಿಗೆ, ಪಾಲೊಳೆಂ ಕಡೆಗೆ ತಿರುಗಬೇಡಿ. ಅಲ್ಲಿರುವುದು ರೆಸಾರ್ಟ್ ಮತ್ತು ಬಾರು. ಬಲಕ್ಕೆ, ಗಾಂವ್‌ಡೊಂಗ್ರಿ, ಖೋತಿಗಾಂವ್ ಅಭಯಾರಣ್ಯದ ಕಡೆಗಿನ ಹಳ್ಳಿಗಳಿಗೆ ಹೋಗಿ.

ಭಟ್ಟಿಗೆ ಬೋರ್ಡು ಇರುವುದಿಲ್ಲ, ಫೋನಿನ ನಕ್ಷೆಯಲ್ಲಿ ಹುಡುಕಿ ಪ್ರಯೋಜನವಿಲ್ಲ. ನನ್ನ ಉಪಾಯ ಹೇಳುತ್ತೇನೆ: ಪೇಟೆಯಲ್ಲಿ ಗೇರುಬೀಜ ತೂಗಿ ಕೊಳ್ಳುವ ಅಂಗಡಿ ಹುಡುಕಿ. ಬೀಜ ತರುವವನೇ ಹಣ್ಣು ಹಿಂಡುವವನೂ ಆಗಿರುವುದರಿಂದ, ಯಾರ ಮನೆಯಲ್ಲಿ ಭಟ್ಟಿ ಹತ್ತಿದೆ, ಯಾರು ಜನರನ್ನು ಸೇರಿಸುತ್ತಾರೆ, ಯಾರು ಸಿಡುಕುತ್ತಾರೆ ಎಲ್ಲವೂ ಅಂಗಡಿಯವನಿಗೆ ಗೊತ್ತು. ಸಾಧ್ಯವಾದರೆ ಅವನಿಂದಲೇ ಒಂದು ಫೋನು ಮಾಡಿಸಿ. ನಿಮ್ಮ ಗುಂಪಿನಲ್ಲಿ ಕಾರವಾರದ ಕೊಂಕಣಿ ಬಲ್ಲ ಒಬ್ಬರಿದ್ದರೆ ಅರ್ಧ ಕೆಲಸ ಆದಂತೆ. ‘ಭಟ್ಟಿ ಖಂಯ್ ಆಸಾ?’ (ಭಟ್ಟಿ ಎಲ್ಲಿದೆ?) ಅನ್ನುವುದಕ್ಕೂ ಇಂಗ್ಲಿಷಿನಲ್ಲಿ ಫ್ಯಾಕ್ಟರಿ ವಿಸಿಟ್ ಕೇಳುವುದಕ್ಕೂ ಸಿಗುವ ಉತ್ತರ ಬೇರೆ. ಪರವಾನಗಿ ಇದೆಯೇ ಎಂದು ಅಂಗಡಿಯಲ್ಲೇ ವಿಚಾರಿಸಿಕೊಳ್ಳಿ, ಮನೆ ಬಾಗಿಲಲ್ಲಿ ನಿಂತು ಕೇಳಿದರೆ ಅಬಕಾರಿಯವರು ಬಂದರೆಂದು ಹೆದರಿಯಾರು.

ನಡೆದುಕೊಳ್ಳುವ ರೀತಿಗೆ ಶಿರಸಿಯವರಿಗೆ ಪಾಠ ಬೇಕಿಲ್ಲ. ಆಲೆಮನೆಗೆ ಹೇಗೆ ಹೋಗುತ್ತೀರೋ ಹಾಗೆ ಹೋಗಿ. ಕಬ್ಬಿನ ಹಾಲು ಕುಡಿದು, ನೊರೆಬೆಲ್ಲ ನೆಕ್ಕಿ, ಕೊಪ್ಪರಿಗೆಯ ಹತ್ತಿರ ಅಡ್ಡಾಡದೆ, ಬರುವಾಗ ಒಂದು ಡಬ್ಬಿ ಜೋನಿ ಬೆಲ್ಲ ಕೊಂಡು ಬರುತ್ತೀರಲ್ಲ, ಅಷ್ಟೇ. ಅಲ್ಲಿಯ ಹಾಗೆ ಇಲ್ಲಿಯೂ ಬೆಂಕಿಯ ಮುಂದಿರುವವನು ಮಾತಾಡುವ ಸ್ಥಿತಿಯಲ್ಲಿ ಇರುವುದಿಲ್ಲ, ಪಾಕ ನೋಡುವ ಹೊತ್ತಿನಲ್ಲಿ ಪ್ರಶ್ನೆ ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ.

ಈಗ ನೋಡಬೇಕಾದ್ದು. ಬೆಳಿಗ್ಗೆ ಮೊದಲು ತೋಟಕ್ಕೆ ಹೋಗಿ, ಭಟ್ಟಿಗಲ್ಲ. ಮನೆಯ ಹೆಂಗಸರು, ಮುದುಕರು ಬುಟ್ಟಿ ಹಿಡಿದು ಬಿದ್ದ ಹಣ್ಣು ಹೆಕ್ಕುತ್ತಿರುತ್ತಾರೆ. ಬಿದ್ದದ್ದೇ ಬೇಕು, ಕಿತ್ತದ್ದು ಬೇಡ. ಮರದಿಂದ ಕಿತ್ತ ಹಣ್ಣಿನಲ್ಲಿ ಒಗರು ಹೆಚ್ಚು, ಸಕ್ಕರೆ ಕಡಿಮೆ. ತಾನೇ ಕಳಚಿ ಬಿದ್ದ ಹಣ್ಣು ಅಂದಿನಂದೇ ಹಿಂಡಿದರೆ ಸರಿ, ಮರುದಿನಕ್ಕೆ ಬಿಟ್ಟರೆ ಬೂಸ್ಟು. ತಿರುಚಿ ಬೀಜ ಬೇರ್ಪಡಿಸುವ ಕೆಲಸಕ್ಕೆ ಕೈ ಹಾಕುವ ಉಮೇದು ನಿಮಗೂ ಬರಬಹುದು. ಬೀಜದ ಸಿಪ್ಪೆಯೊಳಗಿನ ಎಣ್ಣೆ ಚರ್ಮ ಸುಡುತ್ತದೆ, ಮಕ್ಕಳನ್ನಂತೂ ದೂರ ಇಡಿ. ಹಣ್ಣಿನ ರಸ ಬಟ್ಟೆಗೆ ತಾಗಿದರೆ ಕಂದು ಕಲೆ, ಯಾವ ಸೋಪಿಗೂ ಜಗ್ಗುವುದಿಲ್ಲ. ಬಿಳಿ ಪಂಚೆ ಉಟ್ಟು ಹೋಗಬೇಡಿ.

ಹಿಂಡುವುದನ್ನು ಮೊದಲು ಕಲ್ಲಿನಲ್ಲಿ ಕಡೆದ ಕೊಳಂಬಿಯಲ್ಲಿ ಕಾಲಿನಿಂದ ತುಳಿದು ಮಾಡುತ್ತಿದ್ದರು. ಕೆಲವು ಮನೆಗಳಲ್ಲಿ ಈಗಲೂ ಹಾಗೇ. ಹೆಚ್ಚಿನ ಕಡೆ ಯಂತ್ರ ಬಂದಿದೆ. ತುಳಿದು ಉಳಿದ ಚರಟವನ್ನು ಗುಪ್ಪೆ ಮಾಡಿ, ಬಳ್ಳಿಯಿಂದ ಸುತ್ತಿ ಬಿಗಿದು, ಮೇಲೆ ದೊಡ್ಡ ಕಲ್ಲು ಹೇರಿ ಬಿಡುತ್ತಾರೆ. ರಾತ್ರಿಯಿಡೀ ಅದರಿಂದ ತೊಟ್ಟಿಕ್ಕುವ ತಿಳಿರಸವೇ ನೀರೊ. ತುಳಿತದ ರಸದ ಹಾಗೆ ಮಸುಕಾಗಿರುವುದಿಲ್ಲ. ಭಟ್ಟಿಗೆ ಹೋಗುವ ಎಲ್ಲರಿಗೂ ನಾನು ಹೇಳುವುದು: ಬೇರೆ ಏನು ಬಿಟ್ಟರೂ ಬೆಳಗಿನ ನೀರೊ ಬಿಡಬೇಡಿ. ಆ ಹೊತ್ತಿಗೆ ಅದರಲ್ಲಿ ಅಮಲೇ ಇಲ್ಲ ಎನ್ನಬಹುದು. ಕಿತ್ತಳೆಯ ಹಲವು ಪಟ್ಟು ವಿಟಮಿನ್ ಸಿ, ನಾಲಿಗೆಗೆ ಸಿಹಿ, ಗಂಟಲಲ್ಲಿ ಸಣ್ಣಗೆ ಒಗರು. ಒಂದು ಚಿಟಿಕೆ ಉಪ್ಪು ಹಾಕಿದರೆ ಆ ಕೆರೆತವೂ ಇಳಿಯುತ್ತದೆ. ಬಿಸಿಲೇರಿದ ಮೇಲೆ ಕೊಟ್ಟರೆ ಮಾತ್ರ ಮೂಸಿ ನೋಡಿ. ಏಪ್ರಿಲ್‌ನ ಸೆಖೆಯಲ್ಲಿ ಮಧ್ಯಾಹ್ನದೊಳಗೇ ಹುಳಿಯಲು ಶುರುವಾಗಿರುತ್ತದೆ.

ಹುಳಿಯುವ ಜಾಗವೇ ನನ್ನ ಮಟ್ಟಿಗೆ ಇಡೀ ಭಟ್ಟಿಯ ಜೀವ. ಹಿಂದೆ ಕೊಡೆಂ ಎಂಬ ಮಣ್ಣಿನ ಮಡಕೆಯನ್ನು ನೆಲದಲ್ಲಿ ಅರ್ಧ ಹೂಳಿಡುತ್ತಿದ್ದರು, ಈಗ ನೀಲಿ ಪ್ಲಾಸ್ಟಿಕ್ ಡ್ರಮ್ಮು. ಪೇಟೆಯಿಂದ ಬಂದವರಿಗೆ ಡ್ರಮ್ಮು ಕಂಡರೆ ಮುಖ ಸಪ್ಪಗಾಗುತ್ತದೆ, ಫೋಟೊ ಚೆನ್ನಾಗಿ ಬರುವುದಿಲ್ಲವಲ್ಲ. ಆಹಾರಕ್ಕೆ ಯೋಗ್ಯವಾದ, ಶುದ್ಧವಾಗಿ ತೊಳೆದ ಡ್ರಮ್ಮಾದರೆ ನನಗೇನೂ ತಕರಾರಿಲ್ಲ. ರಾಸಾಯನಿಕ ತುಂಬಿ ಬಂದ ಹಳೆಯ ಡ್ರಮ್ಮಾದರೆ ತಕರಾರಿದೆ, ಮೈಮೇಲಿನ ಅಚ್ಚು ಓದಿ ನೋಡಿ. ಒಳಗೆ ನಡೆಯುವ ಕೆಲಸ ಎರಡರಲ್ಲೂ ಒಂದೇ. ಯೀಸ್ಟ್ ಯಾರೂ ಹಾಕುವುದಿಲ್ಲ, ಹಣ್ಣಿನ ಸಿಪ್ಪೆಯ ಮೇಲೇ ಅದು ಬಂದಿರುತ್ತದೆ. ಕೆಲವೇ ಗಂಟೆಗಳಲ್ಲಿ ಮೇಲೆ ಕಂದು ನೊರೆ ಕಟ್ಟುತ್ತದೆ. ಕಿವಿ ಹತ್ತಿರ ತನ್ನಿ, ಮಳೆ ಹನಿ ಒಣ ಎಲೆಯ ಮೇಲೆ ಬೀಳುವ ಸದ್ದು ಕೇಳುತ್ತದೆ. ಸಕ್ಕರೆ ಒಡೆದು ಆಲ್ಕೋಹಾಲಾಗುವಾಗ ಹೊರಬೀಳುವ ಇಂಗಾಲದ ಡೈ ಆಕ್ಸೈಡ್ ಅದು. ತಲೆ ಪೂರ್ತಿ ಒಳಗೆ ತೂರಿಸಬೇಡಿ, ಉಸಿರು ಕಟ್ಟುತ್ತದೆ. ಮೊದಲ ದಿನ ಮಾಗಿದ ಹಣ್ಣಿನ ವಾಸನೆ, ಎರಡನೆಯ ದಿನ ದೋಸೆ ಹಿಟ್ಟಿನದು, ಮೂರನೆಯ ದಿನ ನೊರೆ ತಗ್ಗಿ ಮೂಗಿಗೆ ಚುಚ್ಚುವ ಸಾರ. ಮೂರು ವಯಸ್ಸಿನ ಮೂರು ಡ್ರಮ್ಮು ಸಾಲಾಗಿರುವ ಮನೆ ಸಿಕ್ಕರೆ ಒಂದೊಂದರ ಮುಂದೆಯೂ ನಿಂತು ಮೂಸಿ. ವೈನ್ ಎಂದರೇನು ಎಂಬುದು ನಾಸಿಕದ ಯಾವ ಗೈಡೂ ಹೇಳಿಕೊಡದಷ್ಟು ಅಲ್ಲೇ ತಿಳಿಯುತ್ತದೆ, ಒಂದು ಹನಿ ಕುಡಿಯದೆ.

ಸದ್ದು ನಿಂತ ಮೇಲೆ ತಡ ಮಾಡುವಂತಿಲ್ಲ. ಗಾಳಿ ಸೋಕಿ ವಿನೆಗರ್ ಬ್ಯಾಕ್ಟೀರಿಯಾ ಸೇರಿಕೊಂಡರೆ ಇಡೀ ಡ್ರಮ್ಮು ಹುಳಿನೀರು. ಹಂಗಾಮಿನಲ್ಲಿ ಆ ಮನೆಯವರು ಸರಿಯಾಗಿ ನಿದ್ದೆ ಮಾಡದಿರುವುದಕ್ಕೆ ಕಾರಣ ಇದೇ. ಹಣ್ಣು ಬೀಳುವುದು ನಿಲ್ಲುವುದಿಲ್ಲ, ಡ್ರಮ್ಮು ಕಾಯುವುದಿಲ್ಲ, ಹಂಡೆ ಇರುವುದು ಒಂದೇ.

ಆ ಹಂಡೆಗೆ ಭಾಣ್ ಎನ್ನುತ್ತಾರೆ, ತಾಮ್ರದ್ದು. ತಾಮ್ರ ಬರೇ ಸಂಪ್ರದಾಯವಲ್ಲ. ಹುಳಿಯುವಾಗ ಹುಟ್ಟುವ ಗಂಧಕದ ದುರ್ವಾಸನೆಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ಸ್ಟೀಲಿಗೆ ಆ ಗುಣವಿಲ್ಲ. ರಸ ತುಂಬಿ, ಬಾಯಿ ಮುಚ್ಚಿ, ಸಂದಿಗೆಲ್ಲ ಹುತ್ತದ ಮಣ್ಣು ಮೆತ್ತಿ ಬಟ್ಟೆ ಸುತ್ತುತ್ತಾರೆ. ಹುತ್ತದ ಮಣ್ಣು ನಯ, ಕಾದರೂ ಬೇಗ ಬಿರಿಯುವುದಿಲ್ಲ. ಎಲ್ಲೋ ಒಂದು ಕಡೆ ಹಬೆ ಸಣ್ಣಗೆ ಹೊರಟಿತೋ, ಮನೆಯಾಕೆ ಹಿಡಿ ಮಣ್ಣು ತೋಯಿಸಿ ಅಲ್ಲಿಗೆ ಒತ್ತಿಬಿಡುತ್ತಾಳೆ, ಮಾತು ನಿಲ್ಲಿಸದೆ. ಹಬೆ ಕೊಳವೆಯಲ್ಲಿ ಹೋಗಿ ಲಾವ್ಣಿ ಎಂಬ ಮಡಕೆಯಲ್ಲಿ ತಣಿಯಬೇಕು. ಹಳೆಯ ಪದ್ಧತಿಯಲ್ಲಿ ಲಾವ್ಣಿಯನ್ನು ನೀರಿನಲ್ಲಿ ಕೂರಿಸಿ ಮೇಲಿಂದ ಸೌಟಿನಿಂದ ನೀರು ಹೊಯ್ಯುತ್ತ ಒಬ್ಬರು ಕೂತೇ ಇರಬೇಕು. ಈಗ ತಾಮ್ರದ ಸುರುಳಿಯನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸುವುದೇ ಹೆಚ್ಚು. ಬೆಂಕಿಯ ಹದ ಮಾತ್ರ ಇಂದಿಗೂ ಕಣ್ಣಂದಾಜು. ಉರಿ ಹೆಚ್ಚಾದರೆ ನೊರೆ ಉಕ್ಕಿ ಕೊಳವೆಗೆ ನುಗ್ಗಿ, ಇಳಿಯುವ ಸಾರ ಕಲಗಚ್ಚಿನಂತೆ ಮಸುಕಾಗುತ್ತದೆ. ಕಡಿಮೆಯಾದರೆ ಹನಿಯೇ ಇಲ್ಲ. ಒಲೆಯಿಂದ ಕೊಳ್ಳಿ ಹೊರಗೆಳೆಯುವುದು, ಮತ್ತೆ ಒಳಗೆ ತಳ್ಳುವುದು, ಇದನ್ನು ಅರ್ಧ ಗಂಟೆ ಸುಮ್ಮನೆ ನೋಡಿ. ಉರಿಯ ಲೆಕ್ಕ ಅವರು ಎಣಿಸುವುದು ಹನಿ ಬೀಳುವ ಸದ್ದಿನ ಮೇಲೆ.

ಮೊದಲ ಸಲ ಇಳಿದದ್ದು ಉರ್ರಾಕ್. ಸುಮಾರು 15 ಶೇಕಡಾ ಆಲ್ಕೋಹಾಲ್. ಇದು ಬಹಳ ದಿನ ನಿಲ್ಲುವುದಿಲ್ಲವಾದ್ದರಿಂದ ಹಂಗಾಮಿನಾಚೆ ಸಿಗುವುದಿಲ್ಲ. ಲಿಂಬು ಸೋಡಾ, ಉಪ್ಪು, ಸೀಳಿದ ಹಸಿಮೆಣಸು ಹಾಕಿ ಗೋವಾದವರು ಇದನ್ನು ಬೇಸಿಗೆಯ ಪಾನಕದ ಹಾಗೆ ಕುಡಿಯುತ್ತಾರೆ. ಪಾನಕವಲ್ಲ ಎಂಬುದು ಎದ್ದು ನಿಂತಾಗ ಗೊತ್ತಾಗುತ್ತದೆ. ಉರ್ರಾಕಿಗೆ ಮತ್ತೆ ಹುಳಿತ ರಸ ಸೇರಿಸಿ ಇಳಿಸಿದರೆ ಕಾಜುಲೊ. ಹಿಂದಿನವರು ಇನ್ನೊಂದು ಸಲ ಇಳಿಸಿ ಅದನ್ನು ಫೆಣಿ ಎನ್ನುತ್ತಿದ್ದರು. ಈಗ ಎರಡನೆಯದೇ ಫೆಣಿಯ ಹೆಸರಿನಲ್ಲಿ ನಡೆಯುತ್ತದೆ, ಬಲ 40ರಿಂದ 45 ಶೇಕಡಾ.

ಬಲ ನೋಡುವ ರೀತಿ ಕೇಳಿ, ಖುಷಿಯಿಂದ ತೋರಿಸುತ್ತಾರೆ. ಒಂದು ಬಾಟಲಿಗೆ ಅರ್ಧ ತುಂಬಿ ಜೋರಾಗಿ ಅಲುಗಾಡಿಸಿ ಬೆಳಕಿಗೆ ಹಿಡಿಯುತ್ತಾರೆ. ಕತ್ತಿನ ಸುತ್ತ ಮುತ್ತಿನ ಸರದ ಹಾಗೆ ಗುಳ್ಳೆ ಕಟ್ಟಿ ನಿಂತರೆ ಸರಿ. ನೀರು ಹೆಚ್ಚಿದ್ದರೂ ಗುಳ್ಳೆ ನಿಲ್ಲದು, ಸಾರ ತೀರ ಹೆಚ್ಚಿದ್ದರೂ ನಿಲ್ಲದು. ಇನ್ನೊಂದು ಪರೀಕ್ಷೆ ನೀವೇ ಮಾಡಬಹುದು. ಅಂಗೈಗೆ ನಾಲ್ಕು ಹನಿ ಹಾಕಿ ಉಜ್ಜಿ, ಆರಿದ ಮೇಲೆ ಮೂಸಿ. ನಿಜವಾದ ಗೇರಿನದಾದರೆ ಹಣ್ಣಿನ ವಾಸನೆ ಹಿಂದೆ ಉಳಿಯುತ್ತದೆ. ಸ್ಪಿರಿಟ್ ಬೆರೆಸಿ ಎಸೆನ್ಸ್ ಹಾಕಿದ್ದಾದರೆ ಮಿಠಾಯಿಯಂಥ ವಾಸನೆ ಬಂದು ಅಷ್ಟರಲ್ಲೇ ಮಾಯ. ಅಂಥ ಮಾಲು ಮನೆಯ ಭಟ್ಟಿಗಿಂತ ಹೆದ್ದಾರಿ ಬದಿಯ ಅಂಗಡಿಗಳಲ್ಲೇ ಹೆಚ್ಚು.

ಸುರಕ್ಷಿತವೇ ಎಂದು ಕೇಳಿದ್ದೀರಿ. ಜನ ಹೆದರುವುದು ಮೆಥನಾಲಿಗೆ. ಹಣ್ಣಿನ ಪೆಕ್ಟಿನ್ ಒಡೆದಾಗ ಸ್ವಲ್ಪ ಮೆಥನಾಲ್ ಹುಟ್ಟುವುದು ನಿಜ, ದ್ರಾಕ್ಷಿ ವೈನಿನಲ್ಲೂ ಅದು ಇದೆ. ಮೊದಲು ಇಳಿದ ಹನಿ ಚೆಲ್ಲಿದರೆ ಮೆಥನಾಲೆಲ್ಲ ಹೋಯಿತು ಎಂದು ಭಟ್ಟಿಯವರು ಹೇಳುತ್ತಾರೆ, ಓದಿದವರೂ ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಮೆಥನಾಲ್ 64.7 ಡಿಗ್ರಿಗೆ, ಎಥನಾಲ್ 78.4 ಡಿಗ್ರಿಗೆ ಕುದಿಯುತ್ತವೆಯಾದರೂ ನೀರಿನಲ್ಲಿ ಬೆರೆತಾಗ ಇಂಥ ಸರಳ ಹಂಡೆಯಲ್ಲಿ ಅವು ಅಷ್ಟು ಅಚ್ಚುಕಟ್ಟಾಗಿ ಬೇರೆಯಾಗುವುದಿಲ್ಲ. ಮೊದಲ ಹನಿ ಚೆಲ್ಲುವುದರಿಂದ ಮೂಗಿಗೆ ಹೊಡೆಯುವ ಬೇರೆ ಕೆಲವು ಪದಾರ್ಥ ಹೋಗುತ್ತವೆ, ಆದ್ದರಿಂದ ಚೆಲ್ಲುವುದು ಒಳ್ಳೆಯದೇ. ಧೈರ್ಯ ಕೊಡುವ ಸಂಗತಿ ಬೇರೆ: ಹಣ್ಣಿನಿಂದ ಬರುವ ಮೆಥನಾಲಿನ ಪ್ರಮಾಣವೇ ಕಡಿಮೆ. ಪತ್ರಿಕೆಯಲ್ಲಿ ಓದುವ ಕಳ್ಳಭಟ್ಟಿ ಸಾವುಗಳಲ್ಲಿ ಹೆಚ್ಚಿನವು ಕಾರ್ಖಾನೆಯ ಮೆಥನಾಲನ್ನು ಯಾರೋ ದುಡ್ಡಿನಾಸೆಗೆ ಬೆರೆಸಿದ್ದರಿಂದ ಆದವು. ಹಾಗಾಗಿ ಪರವಾನಗಿ ಇರುವ ಮನೆಯಲ್ಲಿ, ಕಣ್ಣೆದುರು ಇಳಿದದ್ದನ್ನು, ಬೆರಳ ಗಾತ್ರದ ಲೋಟದಲ್ಲಿ, ಊಟವಾದ ಮೇಲೆ ರುಚಿ ನೋಡಲು ಹೆದರಬೇಕಿಲ್ಲ. ಯಕೃತ್ತಿನ ತೊಂದರೆ, ಸಕ್ಕರೆ ಕಾಯಿಲೆಯ ಮಾತ್ರೆ, ನಿದ್ದೆ ಮಾತ್ರೆ ಇರುವವರು ಮುಟ್ಟಬಾರದು. ಗೋವಾದಲ್ಲಿ ಕುಡಿಯುವ ವಯಸ್ಸು 18 ಎಂದು ಕಾಲೇಜು ಹುಡುಗರನ್ನು ಹುರಿದುಂಬಿಸುವ ಮಾವಂದಿರನ್ನೂ ಕಂಡಿದ್ದೇನೆ, ಅಂಥವರನ್ನು ಮನೆಯಲ್ಲೇ ಬಿಟ್ಟು ಹೋಗಿ.

ರುಚಿ ನೋಡುವುದಕ್ಕೆ ದೊಡ್ಡ ವಿದ್ಯೆಯೇನಿಲ್ಲ. ನಾಸಿಕದಲ್ಲಿ ಕೇಳಿಬಂದ ಗ್ಲಾಸು ತಿರುಗಿಸುವ, ಓಕ್ ಮರದ ಸುವಾಸನೆ ಹುಡುಕುವ ಮಾತೆಲ್ಲ ಇಲ್ಲಿ ಬೇಡ. ಮನೆಯವರನ್ನು ಕೇಳಲು ಬೇರೆ ಪ್ರಶ್ನೆಗಳಿವೆ. ಹಳೆಯ ಊರ ಮರದ ಸಣ್ಣ ಹಣ್ಣೋ, ವೆಂಗುರ್ಲಾ ಕಸಿಯ ದೊಡ್ಡ ಹಣ್ಣೋ? ಕೆಂಪು, ಹಳದಿ ಬೇರೆ ಮಾಡುತ್ತಾರೆಯೇ? ಎಷ್ಟು ದಿನ ಹುಳಿಸುತ್ತಾರೆ? ಯಾವ ಕಟ್ಟಿಗೆ? ಇವಕ್ಕೆ ಎರಡು ಮನೆಯವರು ಒಂದೇ ಉತ್ತರ ಕೊಡುವುದಿಲ್ಲ, ಪಕ್ಕದ ಮನೆಯವನು ಮಾಡುವುದು ತಪ್ಪು ಎಂದು ಇಬ್ಬರೂ ಹೇಳುತ್ತಾರೆ. ಲಾಭ ಎಷ್ಟು ಎಂದು ಮಾತ್ರ ಕೇಳಬೇಡಿ. ನಿಮ್ಮ ಅಡಿಕೆ ಎಷ್ಟು ಕ್ವಿಂಟಾಲ್ ಎಂದು ಅಪರಿಚಿತರು ಕೇಳಿದರೆ ನಿಮಗೆ ಹೇಗಾಗುತ್ತದೆ? ಫೋಟೊ ತೆಗೆಯುವ ಮುನ್ನ ಒಂದು ಮಾತು ಕೇಳಿ, ಅದರಲ್ಲೂ ಹೆಂಗಸರದ್ದು. ಕೆಲಸದ ಸೀರೆಯಲ್ಲಿ ಮಸಿ ಮೆತ್ತಿಕೊಂಡು ಜಾಲತಾಣದಲ್ಲಿ ಕಾಣಿಸಿಕೊಳ್ಳುವುದು ಯಾರಿಗೂ ಇಷ್ಟವಿರುವುದಿಲ್ಲ. ಐದಾರು ಜನಕ್ಕಿಂತ ಹೆಚ್ಚು ಹೋಗಬೇಡಿ, ಟೆಂಪೊ ಮಾಡಿಕೊಂಡಂತೂ ಬೇಡವೇ ಬೇಡ.

ಟಿಕೆಟ್ ಇಲ್ಲದ ಜಾಗದಲ್ಲಿ ದುಡ್ಡು ಹೇಗೆ ಕೊಡುವುದು ಎಂಬ ಮುಜುಗರ ಎಲ್ಲರಿಗೂ ಇದೆ. ಕೈಗೆ ನೋಟು ತುರುಕಿದರೆ ಕೆಲವರಿಗೆ ಅವಮಾನ. ಅವರಲ್ಲಿ ಮಾರಾಟಕ್ಕಿರುವುದನ್ನು ಕೊಳ್ಳಿ. ಒಣಗಿಸಿದ ಗೇರುಬೀಜ, ಮುರುಗಲು ಸಿಪ್ಪೆ, ಕೆಲವರ ಹತ್ತಿರ ಜೇನು. ಇವಕ್ಕೆ ಮಾಜಾಳಿಯಲ್ಲಿ ಯಾರೂ ತಡೆ ಹಾಕುವುದಿಲ್ಲ. ಚೌಕಾಸಿ ಮಾಡಬೇಡಿ, ಅರ್ಧ ದಿನ ನಿಮಗೆ ಕೊಟ್ಟ ಹೊತ್ತಿನ ಬೆಲೆ ಅದರಲ್ಲೇ ಸೇರಿತು. ಶಿರಸಿಯಿಂದ ಒಂದಿಷ್ಟು ಬಾಳೆಕಾಯಿ ಚಿಪ್ಸೋ ಜೋನಿ ಬೆಲ್ಲವೋ ಒಯ್ದರೆ ಇನ್ನೂ ಚೆಂದ.

ಅಮ್ಮನ ವಿಷಯ. ಖಂಡಿತ ಕರೆದುಕೊಂಡು ಹೋಗಿ. ಮದ್ಯದ ಜಾಗ ಎಂದು ಹಿಂಜರಿಯುತ್ತಿದ್ದರೆ ಅಲ್ಲಿ ಕುಡುಕರ ಗದ್ದಲವೇನೂ ಇಲ್ಲ ಎಂದು ಹೇಳಿ, ಹಗಲು ಹೊತ್ತಿನಲ್ಲಿ ಅದು ಒಲೆ ಉರಿಯುವ ಒಂದು ಹಿತ್ತಲು ಅಷ್ಟೇ. ಗೇರುಹಣ್ಣು ಹೆಚ್ಚಿ ಉಪ್ಪು ಖಾರ ಹಾಕಿ ತಿಂದು ಬೆಳೆದ ತಲೆಮಾರು ಅವರದ್ದು, ಆ ಮನೆಯ ಅಜ್ಜಿಯ ಜೊತೆ ಭಾಷೆ ಅರ್ಧಂಬರ್ಧ ಬಂದರೂ ಮಾತು ಸಾಗುತ್ತದೆ. ಕಷ್ಟ ಇರುವುದು ಬೇರೆ ಕಡೆ. ಭಟ್ಟಿಯ ಮಾಡಿನೊಳಗೆ ಹೊಗೆ ದಟ್ಟ, ಉಬ್ಬಸ ಇದ್ದರೆ ಹತ್ತು ನಿಮಿಷವೂ ಕಷ್ಟ, ಗಾಳಿ ಬರುವ ಕಡೆ ಕೂರಿಸಿ. ತುಳಿದ ರಸದಿಂದ ನೆಲ ಜಾರುತ್ತದೆ, ಹವಾಯಿ ಚಪ್ಪಲಿ ಬೇಡ. ತೋಟದ ದಾರಿ ಇಳಿಜಾರು, ಉದುರಿದ ಎಲೆಯ ಮೇಲೆ ಕಾಲು ನಿಲ್ಲುವುದಿಲ್ಲ, ಕೋಲು ಒಯ್ಯಿರಿ. ಹನ್ನೊಂದರ ನಂತರದ ಬಿಸಿಲು ಘಟ್ಟದ ಮೇಲಿನವರಿಗೆ ತಡೆಯುವಂಥದ್ದಲ್ಲ. ಊಟ ಆ ಮನೆಯಲ್ಲಿ ಕೇಳಿದರೆ ಮೀನೇ ಇರುತ್ತದೆ. ನಿಮ್ಮ ಮನೆಯಲ್ಲಿ ಅದು ನಡೆಯದಿದ್ದರೆ ಬುತ್ತಿ ಕಟ್ಟಿಕೊಂಡು ಹೋಗಿ, ಇಲ್ಲವೇ ಚಾವಡಿಗೆ ಬಂದು ಉಣ್ಣಿ. ಶೌಚಾಲಯಕ್ಕೂ ಪೇಟೆಯಲ್ಲೇ ಒಮ್ಮೆ ನಿಲ್ಲಿಸಿಕೊಂಡು ಹೊರಡುವುದು ಒಳ್ಳೆಯದು.

ದ್ರಾಕ್ಷಿಯದ್ದೇ ನೋಡಬೇಕು ಎಂಬ ಹಟವಿದ್ದರೆ ವಿಜಯಪುರ, ಬಾಗಲಕೋಟೆ ಕಡೆ ಫೆಬ್ರವರಿಯಲ್ಲಿ ಹೋಗಿ, ಕೊಯ್ಲು ನಡೆಯುವ ವಾರ ಯಾವುದೆಂದು ಮೊದಲೇ ಫೋನಿನಲ್ಲಿ ಕೇಳಿಕೊಂಡು. ಅಲ್ಲಿಯೂ ಕೊಯ್ಲಿನ ವಾರ ತಪ್ಪಿದರೆ ನಿಮಗೆ ಕಾಣುವುದು ಸ್ಟೀಲ್ ಟ್ಯಾಂಕೇ.